ಪೀರಪ್ಪ ತೋಡದ ಬಾವಿ

ಮಗಳನ್ನು ಶಾಲೆ ಬಿಡಿಸಿದ ಮೇಲೆ ಮಂಜುಷಾಗೆ ಎಲ್ಲ ವಿಷಯಕ್ಕೂ ಪುಸ್ತಕ ಸಿಕ್ಕಿತು, ಇತಿಹಾಸಕ್ಕೆ ಸಿಗಲಿಲ್ಲ. ಸಿಕ್ಕವುಗಳಲ್ಲಿ ಇಸವಿ ಇತ್ತು, ರಾಜರಿದ್ದರು, ಕಥೆ ಇರಲಿಲ್ಲ. ಕೊನೆಗೆ ಸೇಡಂ ರಸ್ತೆಯ ಗೆಳತಿಯೊಬ್ಬಳು ಮರಾಠಿ ಪುಸ್ತಕಗಳ ಒಂದು ಸೆಟ್ಟು ಕೊಟ್ಟಳು. ಮನೆಯಲ್ಲೇ ಕಲಿಯುವ ಮಕ್ಕಳಿಗಾಗಿ ಯಾವುದೋ ಧಾರ್ಮಿಕ ಟ್ರಸ್ಟು ಬರೆಸಿದ್ದು. ಕೋಟೆಯ ಅಡುಗೆಮನೆಯಲ್ಲಿ ಏನು ಬೇಯುತ್ತಿತ್ತು, ಕುದುರೆಗೆ ಲಾಳ ಹೊಡೆಯುವವನು ಯಾರನ್ನು ಬೈಯುತ್ತಿದ್ದ, ಎಲ್ಲ ಕಣ್ಣಿಗೆ ಕಟ್ಟುವಂತಿತ್ತು. ತೊಂದರೆ ಒಂದೇ. ಪ್ರತಿ ಪಾಠದ ಕೊನೆಗೆ ದೇವರು ಬಂದು ಕೆಲಸ ಮುಗಿಸಿಬಿಡುತ್ತಿದ್ದ.

ಮಂಜುಷಾಗೆ ದೇವರಲ್ಲಿ ನಂಬಿಕೆ ಇರಲಿಲ್ಲ. ಸಮೀಕ್ಷಾಳನ್ನು ಶಾಲೆ ಬಿಡಿಸಿದ್ದೂ ಅಂಥದೇ ತಕರಾರಿಗೆ: ಗ್ರಹಣದ ದಿನ ಯಾಕೆ ಉಣ್ಣಬಾರದು ಎಂದು ಕೇಳಿದ ಹುಡುಗಿಯನ್ನು ಟೀಚರ್ ಹೊರಗೆ ನಿಲ್ಲಿಸಿದ್ದರು. ಗಂಡ ಸುಜಯೀಂದ್ರ ಒಂದು ವರ್ಷ ಸುಮ್ಮನಿರುತ್ತೇನೆ, ಆಮೇಲೆ ತನ್ನ ತಾಯಿ ಮಗಳನ್ನು ಪರೀಕ್ಷಿಸಲಿ ಎಂದಿದ್ದ.

"ಯುಗಾದಿಗೆ ಕಮಲಾಪುರಕ್ಕ ಹೋಗೋಣು. ಆಯಿ ಏನರೆ ಕೇಳ್ತಾಳ. ಪೋರಿ ಹೇಳಿದ್ರ ಸರಿ, ಇಲ್ಲಾಂದ್ರ ಜೂನ್‌ದಾಗ ಸಾಲಿ."

ಹೀಗಾಗಿ ಕಲಬುರಗಿಯ ಗಾಜಿಪುರದ ಮನೆಯಲ್ಲಿ ದಿನವೂ ಪಾಠ ನಡೆಯಿತು. ಮಂಜುಷಾ ಮರಾಠಿ ಪುಸ್ತಕ ಕೈಯಲ್ಲಿ ಹಿಡಿದು ಬಾಯಲ್ಲಿ ಕನ್ನಡ ಹೇಳುತ್ತಿದ್ದಳು. ದೇವರು ಬಂದ ಕಡೆ ಅವನನ್ನು ಬಿಡುತ್ತಿದ್ದಳು. ಬಿಟ್ಟ ಜಾಗ ಖಾಲಿ ಉಳಿಯುತ್ತಿತ್ತು, ಏನಾದರೂ ತುಂಬಬೇಕಾಗುತ್ತಿತ್ತು. ಮುತ್ತಿಗೆ ಬಿದ್ದ ಕೋಟೆಯಲ್ಲಿ ನೀರು ಮುಗಿದಾಗ ದೇವಿ ಬಂಡೆಗೆ ಒದ್ದು ಒರತೆ ಎಬ್ಬಿಸಿದಳು ಎಂದು ಪುಸ್ತಕದಲ್ಲಿತ್ತು. ಮಂಜುಷಾ ಅಲ್ಲಿ ಬಾವಿ ತೋಡುವ ಪೀರಪ್ಪನನ್ನು ಕರೆತಂದಳು. ಬಂಡೆಗೆ ಕಿವಿ ಹಚ್ಚಿ ನೀರಿನ ಸದ್ದು ಕೇಳುವ, ಹಾರೆ ಬಾಗಿದರೂ ಬಿಡದ ಪೀರಪ್ಪ. ಸಮೀಕ್ಷಾಗೆ ಅವನು ಎಷ್ಟು ಹಿಡಿಸಿದನೆಂದರೆ ಚಿತ್ರ ಬರೆದು ಗೋಡೆಗೆ ಅಂಟಿಸಿಕೊಂಡಳು.

ಮಗಳ ಮರಾಠಿ ಅಷ್ಟಕ್ಕಷ್ಟೇ ಎಂದು ಮಂಜುಷಾ ತಿಳಿದಿದ್ದಳು. ರಜೆಯೆಲ್ಲ ಕಮಲಾಪುರದ ಅಜ್ಜಿಯ ಮಗ್ಗುಲಲ್ಲಿ ಮಲಗಿ ಆ ಹುಡುಗಿ ಕೇಳಿದ್ದು ಮರಾಠಿ ಕಥೆಗಳನ್ನೇ ಎಂಬುದು ಅವಳಿಗೆ ಹೊಳೆದಿರಲಿಲ್ಲ.

ಯುಗಾದಿಯ ದಿನ ಕಮಲಾಪುರದಲ್ಲಿ ಹೋಳಿಗೆ ಊಟ ಮುಗಿಯಿತು. ಅತ್ತೆ ಇಂದೂಬಾಯಿ ಕನ್ನಡಕ ಏರಿಸಿ ಮೊಮ್ಮಗಳು ಪುಸ್ತಕದ ಜೊತೆ ತಂದ ಚಿತ್ರ ನೋಡಿದರು.

"ಇವ ಯಾರು?"

"ಪೀರಪ್ಪ. ಕೋಟಿಗೆ ನೀರು ತಂದಾವ. ಈ ಪುಸ್ತಕದಾಗ ಬರ್ತಾನ, ಆಜಿ."

ಅಡುಗೆಮನೆಯಲ್ಲಿದ್ದ ಮಂಜುಷಾಗೆ ಮೊದಲು ಕೇಳಿಸಿದ್ದು ಆ ಪುಸ್ತಕ ಓದುತ್ತಿದ್ದ ಅತ್ತೆಯ ಮರಾಠಿ. ಪುರಾಣ ಓದುವಂಥ ಗಟ್ಟಿ ದನಿ. ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು. ಅಷ್ಟರಲ್ಲಿ ದೇವಿ ಬಂಡೆಗೆ ಒದ್ದಾಗಿತ್ತು.

"ನಡುವ ಒಂದು ಹಾಳಿ ಬಿಟ್ಟೀ ನೋಡು, ಆಜಿ," ಎಂದಳು ಸಮೀಕ್ಷಾ.

"ಎಲ್ಲೂ ಬಿಟ್ಟಿಲ್ಲ. ನಿನ್ನ ಪೀರಪ್ಪ ಇದರಾಗ ಇಲ್ಲ. ಹಾರಿ ಹಿಡಕೊಂಡು ಎಲ್ಲಿ ಹೋದಾ, ನಿಮ್ಮಮ್ಮನ್ನ ಕೇಳು."

ಕೆಂಪು ಬಾಳೆಹಣ್ಣು ಸುಲಿಯುತ್ತಿದ್ದ ಸುಜಯೀಂದ್ರನ ಕೈ ನಿಂತಿತು.

"ಅಮ್ಮ, ಪೀರಪ್ಪನ್ನ ನೀನೇ ಹುಟ್ಟಿಸಿದ್ದೇನು?"

"ದೇವಿ ಒದ್ದರ ಬಂಡ್ಯಾಗ ನೀರು ಬರೂದಿಲ್ಲ, ಸಮೀಕ್ಷಾ. ಯಾರರೆ ತೋಡಿರಬೇಕಲ್ಲ."

"ತೋಡಿದ್ದು ನಿನಗ ಹೆಂಗ ಗೊತ್ತು?"

ಯಾರು ಏನೇ ಹೇಳಿದರೂ ಮೊದಲು ಇದನ್ನು ಕೇಳು ಎಂದು ಮಗಳಿಗೆ ಕಲಿಸಿದವಳು ಮಂಜುಷಾಳೇ. ಒದ್ದೆ ಕೈ ಸೆರಗಿಗೆ ಒರೆಸಿಕೊಂಡಳು.

"ಸಾಲಿ ಬಿಡಿಸಿ ಮನ್ಯಾಗ ಸುಳ್ಳು ಕಲಿಸೂದಿತ್ತೇನ?" ಇಂದೂಬಾಯಿ ದನಿ ಏರಿಸದೆ ಕೇಳಿದರು.

"ಪುಸ್ತಕದಾಗ ಇರೋದೂ ಸುಳ್ಳೇ ಅದರೀ, ಅತ್ತೀ."

"ಇರಲಿ. ಅದು ಅವರ ಸುಳ್ಳು. ಪೀರಪ್ಪ ನಿಂದು."

ಸಮೀಕ್ಷಾ ಚಿತ್ರವನ್ನು ಸುರುಳಿ ಸುತ್ತಿದಳು. "ಟೀಚರ್ ಕೇಳಬ್ಯಾಡ ಅಂದ್ರು. ನೀ ಕೇಳಲಿಕ್ಕೆ ಏನೂ ಉಳಸಲೇ ಇಲ್ಲ," ಎಂದು ಹಿತ್ತಲಿಗೆ ಹೋದಳು.

ಕಲಬುರಗಿಯ ಬಸ್ಸಿನಲ್ಲಿ ಮಂಜುಷಾ ಕಿಟಕಿಗೆ ಮುಖ ಮಾಡಿ ಕೂತಳು. ಆ ಟ್ರಸ್ಟಿನವರ ಮೇಲೆ ಸಿಟ್ಟು ಬಂತು. ಇಷ್ಟು ಚೆಂದ ಬರೆಯಬಲ್ಲವರು ಕೊನೆಯ ಪುಟದಲ್ಲಿ ಯಾಕೆ ಹಾಳು ಮಾಡಬೇಕು? ದೇವರಿಲ್ಲದವರು ಯಾಕೆ ಇಷ್ಟು ಚೆಂದ ಬರೆಯುವುದಿಲ್ಲ? ಅತ್ತೆಯ ಮೇಲೂ ಬಂತು, ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲಾಗದ್ದಕ್ಕೆ.

"ಹಂಗಾರ ಜೂನ್‌ದಾಗ ಸಾಲಿ," ಎಂದ ಸುಜಯೀಂದ್ರ.

ನಡುವೆ ಕೂತಿದ್ದ ಸಮೀಕ್ಷಾ ಅಪ್ಪನನ್ನು ನೋಡಲಿಲ್ಲ. "ಅಮ್ಮ ಪೂರಾ ಓದಿದ್ರ ಮನ್ಯಾಗೇ ಕಲೀತೀನಿ. ಮತ್ತ ಬಿಟ್ರ ಸಾಲಿಗೆ ಹೋಗ್ತೀನಿ."

"ತಗೋ. ಆಯಿ ಕೊಡಬೇಕಾದ ತೀರ್ಪು ಇಕಿ ಕೊಟ್ಲು," ಎಂದು ಅವನು ನಕ್ಕ. ಮಂಜುಷಾ ನಗಲಿಲ್ಲ.

ಮರುದಿನ ಬೆಳಿಗ್ಗೆ ಗಾಜಿಪುರದಲ್ಲಿ ಹೊಸ ಪಾಠ. ಮಂಜುಷಾ ಮರಾಠಿಯಲ್ಲೇ ಓದತೊಡಗಿದಳು. ಶಾಲೆಯ ಹಿಂದಿಯಿಂದ ಅಕ್ಷರ ಗೊತ್ತಿದ್ದ ಸಮೀಕ್ಷಾ ಪಕ್ಕಕ್ಕೆ ಅಂಟಿ ಕೂತು ಸಾಲಿನ ಕೆಳಗೆ ಬೆರಳು ಇಟ್ಟಿದ್ದಳು. ಸೈನ್ಯ ಹೊಳೆ ದಂಡೆಗೆ ಬಂತು. ಹೊಳೆ ತುಂಬಿ ಹರಿಯುತ್ತಿತ್ತು, ದೋಣಿ ಇರಲಿಲ್ಲ. ಒಬ್ಬ ಸಾಧು ಎದ್ದು ಕಮಂಡಲ ಎತ್ತಿದ.

ಮಂಜುಷಾಳ ನಾಲಗೆ ತನ್ನಷ್ಟಕ್ಕೆ ಹಾರಿ ಸೈನ್ಯ ಆಚೆ ದಂಡೆ ಹತ್ತಿದ ಸಾಲಿಗೆ ಹೋಗಿತ್ತು. ಹೋದದ್ದು ಅವಳಿಗೂ ತಿಳಿಯಲಿಲ್ಲ. ಮಗಳ ಬೆರಳು ಮಾತ್ರ ಸಾಧುವಿನ ಹತ್ತಿರವೇ ನಿಂತಿತ್ತು.

"ಬಿಟ್ಟೀ ನೋಡು," ಎಂದಳು ಸಮೀಕ್ಷಾ.

ಮಂಜುಷಾ ಹಲ್ಲು ಕಚ್ಚಿ ಹಿಂದಕ್ಕೆ ಬಂದಳು, ಸಾಧುವಿನ ಸಾಲಿನಿಂದ ಮತ್ತೆ ಓದಿದಳು.