ಹೋರಿಯ ಕೋಡಿಗೆ ಯಾರೂ ಹಚ್ಚದ ಬಣ್ಣ

ಮಡಿಲಲ್ಲಿನ ಚೀಲ ಹಗುರವಾಗಿದೆ, ಬಸ್ಸು ತಗ್ಗಿಗೆ ಬಿದ್ದು ಎದ್ದಾಗ ಅದೂ ಕುಪ್ಪಳಿಸುತ್ತದೆ, ಒಳಗೆ ಊಟದ ಡಬ್ಬಿಯಲ್ಲಿ ಚಮಚ ಕಿಣಿಕಿಣಿ ಅನ್ನುತ್ತದೆ, ಇಷ್ಟು ವರ್ಷ ಅಸೂಟಿಯ ಶಾಲೆಗೂ ಗಜೇಂದ್ರಗಡದ ಮನೆಗೂ ಓಡಾಡಿದರೂ ಈ ಚಮಚಕ್ಕೊಂದು ದನಿಯಿದೆ ಎಂದು ಸಕ್ಕೂಬಾಯಿಗೆ ಗೊತ್ತೇ ಇರಲಿಲ್ಲ, ಗೊತ್ತಾಗುವುದಾದರೂ ಹೇಗೆ, ಡಬ್ಬಿಯ ಮೇಲೆ ಉತ್ತರಪತ್ರಿಕೆಗಳ ಕಟ್ಟು, ಕಟ್ಟಿನ ಮೇಲೆ ಪಾಠ ಯೋಜನೆ, ಅದರ ಮೇಲೆ ಯಾರೋ ಸಾಹೇಬರು ತುರ್ತಾಗಿ ಕೇಳಿದ ಮಾಹಿತಿ, ದಿನಾ ಸಂಜೆ ಇಡೀ ಶಾಲೆಯೇ ತೊಡೆಯ ಮೇಲೆ ಕೂತು ಮನೆಗೆ ಬರುತ್ತಿತ್ತು — ಕಿಟಕಿಯಾಚೆ ಎರೆಹೊಲದಲ್ಲಿ ಕಡಲೆ ಈಗಷ್ಟೇ ಎಲೆ ಬಿಟ್ಟಿದೆ, ಗುಡ್ಡದ ಮೇಲಿನ ಗಾಳಿಯಂತ್ರಗಳು ಅವಸರವೇ ಇಲ್ಲದಂತೆ ತಿರುಗುತ್ತವೆ, ಎರಡು ಸೀಟು ಮುಂದೆ ಪರಶುವಿನ ಕುತ್ತಿಗೆ, ಕುತ್ತಿಗೆಯ ಮೇಲೆ ಟಾವೆಲ್ಲು, ಪಕ್ಕದಲ್ಲಿ ಅವನ ಹೆಂಡತಿ ರಮಾಬಾಯಿ, ಅವಳ ತೊಡೆಯ ಮೇಲೆ ನಿದ್ದೆಹೋದ ಸಣ್ಣ ಮಗ, ಕಾಲಡಿ ಬಟ್ಟೆಯ ಗಂಟು, ಪಾತ್ರೆ ತುಂಬಿದ ಬಕೆಟ್ಟು, ಇಳಿದು ಮಂಗಳೂರು ಬಸ್ಸು ಹಿಡಿಯುತ್ತಾರೆ, ಅಲ್ಲಿ ಕಟ್ಟಡದ ಸೆಂಟ್ರಿಂಗ್ ಕೆಲಸ, ಮಳೆಗಾಲದ ತನಕ, ಪ್ರತಿ ವರ್ಷದ ಗುಳೆ — ಆದರೆ ಮೂರೇ ಜನ, ಮತ್ತೆ ನೋಡುತ್ತಾಳೆ, ಮೂರೇ, ನಾಲ್ಕನೆಯವಳು ಕವಿತಾ, ತನ್ನ ಐದನೇ ತರಗತಿಯ ಕವಿತಾ, ಅಸೂಟಿಯಲ್ಲಿ ಅಜ್ಜಿ ಗಾಳೆವ್ವನ ಹತ್ತಿರ ಉಳಿದಿದ್ದಾಳೆ, ಉಳಿದಳು, ತನ್ನನ್ನು ತಾನೇ ಉಳಿಸಿಕೊಂಡಳು ಹುಡುಗಿ, ಬಸ್ಸಿನ ನಡುವೆ ಎದ್ದು ನಿಂತು ಕೂಗಿಬಿಡಲೇ ಅನ್ನಿಸುತ್ತದೆ, ಕೂಗು ಬಾಯಿಗೆ ಬರುವ ಹೊತ್ತಿಗೆ ನಗೆಯಾಗುತ್ತದೆ, ಯಾಕ್ರಿ ಅಕ್ಕೋರ, ಒಬ್ಬರ ನಗಾಕತ್ತೀರಲ್ಲ, ಅನ್ನುತ್ತಾನೆ ಕಂಡಕ್ಟರ್ ಹೆಂಗಸರ ಉಚಿತ ಪ್ರಯಾಣದ ಸೊನ್ನೆ ಟಿಕೆಟ್ ಹರಿದು ಕೊಡುತ್ತ, ಏನಿಲ್ಲಪಾ, ಒಂದ ಹೋರಿ ನೆನಪಾತು, ಅನ್ನುತ್ತಾಳೆ, ಅವನು ಮುಖ ಮುಖ ನೋಡಿ ಮುಂದೆ ಸರಿಯುತ್ತಾನೆ.

ಇದೇ ಪರಶು, ದಸರೆ ಸೂಟಿಗೆ ಮುಂಚಿನ ಪಾಲಕರ ಸಭೆಯಲ್ಲಿ ಎಲ್ಲರೆದುರು ಎದ್ದು ನಿಂತಿದ್ದ, ನನ್ನ ಮಗಳು ಐದನೇತ್ತೆ ಅಂತೀರಿ ಅಕ್ಕೋರ, ಕಿರಾಣಿ ಅಂಗಡಿ ಮ್ಯಾಲಿನ ಹೆಸರ ಓದಾಕ ಬರಂಗಿಲ್ಲ ಅಕಿಗೆ, ನನಗೂ ಬರಂಗಿಲ್ಲ, ಸಾಲಿಗೆ ಹೋಗಲಾರದ ನಾನೂ ಹೋದ ಅಕಿನೂ ಒಂದ ಆದಮ್ಯಾಲೆ ಅಕಿ ಇಲ್ಲ್ಯಾಕ ಇರಬೇಕ್ರಿ, ನಮ್ಮ ಜೋಡಿ ಬಂದ ತಮ್ಮನ್ನರ ಆಡಸ್ತಾಳ — ಸಭೆ ಗೊಳ್ಳೆಂದಿತು, ಕವಿತಾ ಕಂಬದ ಹಿಂದೆ ಸರಿದಳು, ಸಕ್ಕೂಬಾಯಿಯ ಹತ್ತಿರ ಉತ್ತರವಿತ್ತು, ಅರ್ಧ ವರ್ಷ ಉಸುಕಿನ ರಾಶಿಯ ಮೇಲೆ ತಮ್ಮನನ್ನು ಕಾಯುವ ಹುಡುಗಿ ಓದುವುದು ಎಲ್ಲಿಂದ ಬಂತಪಾ ಎನ್ನಬಹುದಿತ್ತು, ಆದರೆ ಉಳಿದರ್ಧ ವರ್ಷ ನೀವೇನು ಮಾಡಿದಿರಿ ಎಂದು ಅವನು ಕೇಳಿದ್ದರೆ, ಏನು ಮಾಡಿದೆ, ನಾಲ್ಕು ಮತ್ತು ಐದನೆಯ ತರಗತಿ ಒಂದೇ ಕೋಣೆಯಲ್ಲಿ, ಒಂದು ಕಡೆ ಪಾಠ, ಇನ್ನೊಂದು ಕಡೆ ಗಲಾಟೆ, ನಡುವೆ ಮೊಟ್ಟೆಯ ಲೆಕ್ಕ, ಸಭೆಯ ನಡಾವಳಿ, ಪ್ರಶ್ನೆಪತ್ರಿಕೆ, ಒಬ್ಬಳೇ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಹೊತ್ತೆಲ್ಲಿತ್ತು — ಆದರೂ ನಾಲಗೆ ಸುಮ್ಮನಿರಲಿಲ್ಲ, ದೀಪಾವಳಿ ಆಗಿ ನೀ ಹೊರಡೂ ದಿನ ಸಾಲಿಗೆ ಬಾ ಪರಶು, ಓದಿ ತೋರಸ್ತಾಳ, ಓದಿದ್ರ ಬಿಟ್ಟ ಹೋಗತಿಯೇನ, ಅಂದುಬಿಟ್ಟಳು, ಹೂನ್ರಿ, ಬಿಟ್ಟ ಹೋಗತೀನಿ, ಓದಲಿಲ್ಲಂದ್ರ ನೀವು ಮತ್ತ ನಮ್ಮ ಬಾಗಲಕ್ಕ ಬಂದ ಹುಡುಗಿನ್ನ ಕಳಸು ಅನ್ನಬ್ಯಾಡ್ರಿ, ಅಂದ ಅವನು. ಮನೆಗೆ ಬಂದರೆ ಮತ್ತೆ ಅದೇ ಕಟ್ಟು, ಅದೇ ಕೆಂಪು ಪೆನ್ನು, ಮಗಳು ಮೇಘಾ ತಾನೇ ಬಡಿಸಿಕೊಂಡು ಉಂಡು ತಾಟು ತೊಳೆಯುತ್ತ, ಯವ್ವಾ, ನಿಮ್ಮ ಸಾಲಿ ಇನ್ನಾ ಬಿಟ್ಟಿಲ್ಲೇನ, ಅಂದಳು, ನಗುತ್ತಲೇ ಅಂದಳು, ಆ ನಗೆಯೇ ಚುಚ್ಚಿತು.

ಸಾಜೀದ ಸರ್ ವಯಸ್ಸಿನಲ್ಲಿ ಸಣ್ಣವರು, ಅದೇ ಶಾಲೆಯಲ್ಲಿ ಮೇಲಿನ ತರಗತಿಗಳ ಲೆಕ್ಕದ ಮಾಸ್ತರು, ನೀವು ಕತ್ತೆ ದುಡಿದಂಗ ದುಡಿತೀರಿ ಅಕ್ಕಾರ, ಫೋನಿನ್ಯಾಗ ಎಐ ಐತಿ, ಹೇಳಿದ್ದ ಬರದ ಕೊಡತೈತಿ, ಹೊರಿ ಅದಕ್ಕ ಹೊರಸ್ರಿ, ಅಂದಾಗ ಇವಳು ಚುರುಕಾಗಿಯೇ, ಹಂಗಾದ್ರ ಪಗಾರನೂ ಅದಕ್ಕ ಕೊಡೂಣೇನ್ರಿ, ಅಂದಿದ್ದಳು, ಅದಕ್ಕವರು, ಪಗಾರ ನಿಮಗ, ನಿದ್ದಿನೂ ನಿಮಗ, ಬರಿಯೂದಷ್ಟ ಅದಕ್ಕ, ಬರದ್ದನ್ನ ಓದಲಾರದ ಸಹಿ ಮಾಡಬ್ಯಾಡ್ರಿ, ಮಕ್ಕಳ ಹೆಸರು, ಅಂಕ ಅದರಾಗ ಹಾಕಬ್ಯಾಡ್ರಿ, ಇವೆರಡ ನೆನಪಿಡ್ರಿ ಸಾಕು — ಮೊದಲ ದಿನ ಭಿನ್ನರಾಶಿಯ ಪಾಠ ಯೋಜನೆ ಕೇಳಿದರೆ ಪಿಜ್ಜಾ ಕತ್ತರಿಸಿ ಹಂಚು ಎಂದಿತು, ಅಸೂಟಿಯಾಗ ಪಿಜ್ಜಾ ಯಾರಪ್ಪಂದು, ರೊಟ್ಟಿ ಮುರಿ, ಅಂದಳು ಫೋನಿಗೆ, ಎದುರಿಗೆ ಮನುಷ್ಯನೇ ಕೂತಂತೆ, ಸಿಟ್ಟಿಲ್ಲ, ಸಿಡುಕಿಲ್ಲ, ಕಣ್ಣು ಮಿಟುಕಿಸುವುದರೊಳಗೆ ರೊಟ್ಟಿ ಮುರಿಯಿತು, ಆಮೇಲೆ ಪ್ರಶ್ನೆಪತ್ರಿಕೆ, ಸುಲಭದ್ದೊಂದು, ನಡುವಿನದೊಂದು, ಚುರುಕಿನವರಿಗೊಂದು, ಸಭೆಯಲ್ಲಿ ಆಡಿದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದರೆ ನಡಾವಳಿ ತಯಾರು, ಇವಳು ಓದಿ, ಒಗ್ಗದ್ದನ್ನು ಹೊಡೆದುಹಾಕಿ, ತಿದ್ದಿ ಮುಗಿಸುವುದಷ್ಟೇ, ಹೊಲದಲ್ಲಿ ಕಸ ಕಿತ್ತ ಮೇಲೆ ಮಣ್ಣು ಕಂಡಂತೆ ದಿನದೊಳಗೆ ಹೊತ್ತು ಕಾಣಿಸತೊಡಗಿತು, ಆ ಹೊತ್ತು ಕವಿತಾಳದ್ದು, ವರಾಂಡದ ಮೂಲೆ, ಒಂದು ಗೋಣಿತಟ್ಟು, ಅವಳಿವಳು ಇಬ್ಬರೇ — ಒಂದನೇ ತರಗತಿಯ ಪುಸ್ತಕ ಕೊಟ್ಟರೆ ಹುಡುಗಿ ನಾಚಿ ಮುಖ ತಿರುವುತ್ತಿದ್ದಳು, ದೊಡ್ಡಾಕಿ ಆಗೇನ್ರಿ ಟೀಚರ್, ಸಣ್ಣ ಹುಡುಗರು ನಗತಾವ, ಖರೇ ಮಾತು, ಅಕ್ಷರ ಸಣ್ಣವಿರಬೇಕು, ಕಥೆ ಸಣ್ಣ ಕೂಸಿನದಾಗಬಾರದು, ಅಂಥ ಪುಸ್ತಕ ಯಾವ ಕಪಾಟಿನಲ್ಲೂ ಇರಲಿಲ್ಲ, ಫೋನಿಗೆ ಹೇಳಿದಳು, ಕಟ್ಟಡದ ಕೆಲಸದ ಜಾಗದಲ್ಲಿ ತಮ್ಮನನ್ನು ಕಾಯುವ ಹತ್ತು ವರ್ಷದ ಹುಡುಗಿ, ಕಾಂಕ್ರೀಟ್ ಕಲಸುವ ಯಂತ್ರ, ಸೀರೆಯ ಜೋಲಿ, ಕಡಲ ಕಡೆಯಿಂದ ಬರುವ ಮಳೆ, ಇದರ ಮೇಲೆ ಕಥೆ ಬರೆ, ಒತ್ತಕ್ಷರ ಬೇಡ, ಬರೆಯಿತು, ಓದಿ ನೋಡಿದರೆ ಅವ್ವನಿಲ್ಲ, ಅಪ್ಪನಿಲ್ಲ, ಅಜ್ಜಿಯಿಲ್ಲ, ರೊಟ್ಟಿಯಿಲ್ಲ, ಒತ್ತು ಬಿಟ್ಟರೆ ಮನೆಯಲ್ಲಿ ಯಾರೂ ಉಳಿಯುವುದಿಲ್ಲವಲ್ಲ ಎಂದು ಒಬ್ಬಳೇ ನಕ್ಕಳು, ಮರುದಿನದಿಂದ ಒಬ್ಬೊಬ್ಬರನ್ನೇ ಕಥೆಯೊಳಗೆ ಕರೆತಂದಳು, ಹಾಳೆಗೆ ಇಳಿಸಿ ಕೊಟ್ಟಳು, ಹುಡುಗಿ ಓದಿದಳು, ತಡವರಿಸಿದಳು, ಇದು ನನ್ನ ಕಥಿನ ಏನ್ರಿ, ಅಂದಳು, ನಾಳೆದ್ದು ಇವತ್ತ ಕೊಡ್ರಿ, ಅಂದಳು, ಅತ್ತ ಮನೆಯಲ್ಲಿ ಮೇಘಾ, ಯವ್ವಾ, ಕೈಯಾಗ ಪೆನ್ನ ಇಲ್ಲ, ಅರಾಮ ಇಲ್ಲೇನ ನಿನಗ, ಎಂದು ಹಣೆ ಮುಟ್ಟಿ ನೋಡಿದಳು.

ಇವತ್ತು ಸಂಜೆ ಶಾಲೆ ಬಿಡುವ ಹೊತ್ತಿಗೆ ಬಂದ ಪರಶು, ಹೆಂಡತಿ, ಮಗ, ತಾಯಿ ಗಾಳೆವ್ವ, ಗಂಟು ಸಮೇತ, ಕವಿತಾಳ ಅಂಗಿಗಳೂ ಆ ಗಂಟಿನಲ್ಲೇ, ಓದಸ್ರಿ ನೋಡೂಣು, ಬಸ್ಸಿನ ಹೊತ್ತಾತು, ಕವಿತಾ ತನ್ನ ಕಥೆಯ ಹಾಳೆ ತಂದು ಒಂದೇ ಉಸಿರಿಗೆ ಓದಿದಳು, ಗೆದ್ದೆವು ಅಂದುಕೊಂಡಳು ಸಕ್ಕೂಬಾಯಿ, ಅವನು ನಕ್ಕ, ಬಾಯಿಪಾಠ ಐತ್ರಿ ಇದು, ನಮ್ಮವ್ವಗ ಭಜನಿ ಪದಾ ರಾಶಿಗಟ್ಲೆ ಬರ್ತಾವ, ಅಕಿ ಓದಿ ಕಲ್ತಾಳೇನ, ಗಾಳೆವ್ವ ಅದಕ್ಕೆ, ಏ ಮೂಳಾ, ನನ್ನ್ಯಾಕ ನಡುವ ತರತಿ, ಪುಸ್ತಕ ತೆರೆದರೂ ಅವನದು ಅದೇ ಮಾತು, ಇದನ್ನೂ ಕಲಿಸಿರತೀರಿ ನೀವು — ಅವನ ಅನುಮಾನದಲ್ಲಿ ತಪ್ಪೇನಿದೆ, ಓದಲು ಬಾರದವನಿಗೆ ಓದು ಯಾವುದು, ಪಾಠ ಒಪ್ಪಿಸುವುದು ಯಾವುದು, ಎರಡೂ ಬರೀ ದನಿಯೇ — ಹಂಗಾದ್ರ ನೀನ ಒಂದ ಕಥಿ ಹೇಳು ಪರಶು, ಇಲ್ಲೀತನಕ ಯಾರೂ ಬರೀದ್ದು, ಫೋನ್ ಬರಿತೈತಿ, ಮಗಳು ಓದ್ತಾಳ, ಅಂದುಬಿಟ್ಟಳು ಸಕ್ಕೂಬಾಯಿ, ಶಾಲೆಯಲ್ಲಿ ಸಿಗ್ನಲ್ ಸಿಗುವುದು ಧ್ವಜದ ಕಟ್ಟೆಯ ಮೇಲೆ ಮಾತ್ರ, ಎಲ್ಲರೂ ಕಟ್ಟೆ ಹತ್ತಿದರು, ಪರಶು ಗಂಟಲು ಸರಿಮಾಡಿಕೊಂಡ, ನಮ್ಮಪ್ಪ ಒಂದ ಹೋರಿ ಸಾಕಿದ್ದ್ರಿ, ಗಜೇಂದ್ರಗಡ ಸಂತ್ಯಾಗ ಮಾರಿ ಬಂದ, ಮುಂಜಾನಿ ಎದ್ದ ನೋಡಿದ್ರ ಹಗ್ಗ ಹರಕೊಂಡ ಬಂದ ಬಾಗಲದಾಗ ನಿಂತಿತ್ತು, ಮತ್ತ ನಮ್ಮಪ್ಪ ಅದನ್ನ ಮಾರಲಿಲ್ಲ, ಇಷ್ಟ, ಇವಳು ಅಷ್ಟನ್ನೂ ಫೋನಿಗೆ ಹೇಳಿ ಕಥೆ ಮಾಡು ಅಂದಳು, ಪರದೆ ತುಂಬಿತು, ತುಂಬಿದಾಗ ನೆನಪಾಯಿತು, ಸುಲಭವಾಗಿ ಬರೆ ಅನ್ನಲೇ ಇಲ್ಲವಲ್ಲ, ಒತ್ತಕ್ಷರಗಳು ಇರುವೆಗಳ ಹಾಗೆ ಸಾಲುಗಟ್ಟಿದ್ದವು, ಫೋನು ಕವಿತಾಳ ಮುಂದೆ ಹಿಡಿದಾಗಿತ್ತು, ಹುಡುಗಿ ಬೆರಳಿಟ್ಟಳು, ಬೆರಳು ತಾಗಿ ಸಾಲುಗಳು ಜಾರಿ ಓಡಿದವು, ಬೆಚ್ಚಿ ಕೈ ಎಳೆದುಕೊಂಡಳು, ಮತ್ತೆ ತಂದಳು, ಈ ಸಲ ಗಾಜಿಗೆ ತಾಗದಂತೆ, ಎಳ್ಳಿನಷ್ಟು ಮೇಲೆ, ಗಾಳಿಯಲ್ಲೇ ನಿಲ್ಲಿಸಿ ಓದತೊಡಗಿದಳು, ಒಂದು ಊ-ರಿನಲ್ಲಿ ಒಬ್ಬ ರೈತ, ಪರಶು ತಲೆಯಾಡಿಸಿದ, ಇದೇನ್ರಿ, ನಾ ಹೇಳಿದ್ದ ಕೇಳಿಸ್ಕೊಂಡ ತಿರುಗಿ ನನಗ ಹೇಳಾಕತ್ತಾಳ — ಅಯ್ಯೋ, ಹುಡುಗಿಯನ್ನು ದೂರ ಕಳಿಸಿ ಹೇಳಿಸಬೇಕಿತ್ತು, ಇಷ್ಟು ಸಣ್ಣದು ಹೊಳೆಯಲಿಲ್ಲವಲ್ಲ, ಮುಗಿಯಿತು ಅಂದುಕೊಳ್ಳುತ್ತಿರುವಾಗ ಕವಿತಾ ನಿಲ್ಲಿಸದೆ ಮುಂದಿನ ಸಾಲಿಗೆ ಹೋದಳು, ಹೋರಿಯ ಕೋಡಿಗೆ ಕೆಂಪು ಬ-ಣ್ಣ ಹಚ್ಚಿದ್ದರು, ಪರಶು ಜಿಗಿದೆದ್ದ, ತಪ್ಪು, ಬಣ್ಣದ ಮಾತ ಎಲ್ಲಿ ಆಡೇನಿ ನಾನು, ನಮ್ಮ ಹೋರಿ ಕೋಡಿಗೆ ಯಾರೂ ಬಣ್ಣ ಹಚ್ಚಿರ್ಲಿಲ್ಲ, ನೋಡ್ರಿ, ಕಟ್ಟಿ ಹೇಳಾಕತ್ತಾಳ, ಕವಿತಾ ತಲೆಯೆತ್ತಲಿಲ್ಲ, ಇಲ್ಲಿ ಹಂಗ ಐತಿ ಯಪ್ಪಾ, ಅಂದಳು, ಇಲ್ಲಂದ್ರ ಇಲ್ಲ, ಅಂದ ಅಪ್ಪ, ಐತಿ, ಇಲ್ಲೇ ಐತಿ, ಅಂದಳು ಮಗಳು, ಸಕ್ಕೂಬಾಯಿ ಬಗ್ಗಿ ನೋಡಿದಳು, ಇತ್ತು, ಫೋನು ತನ್ನಷ್ಟಕ್ಕೆ ತಾನೇ ಬಣ್ಣ ಬಳಿದಿತ್ತು, ನಿಮ್ಮನ್ನ ನಂಬಂಗಿಲ್ಲ ನಾ, ಎಂದವನೇ ಪರಶು ಎದುರಿನ ಚಹಾದಂಗಡಿಗೆ ಕೂಗು ಹಾಕಿದ, ಏ ಶಿವನಪ್ಪಾ, ಲಗೂ ಬಾರೋ ಇಲ್ಲೆ, ಇಕಿ ಬೆರಳ ತುದಿಗೆ ಏನ ಬರ್ದೈತಿ ಓದು, ಶಿವನಪ್ಪ ಕೈ ಒರೆಸಿಕೊಳ್ಳುತ್ತ ಬಯಲು ದಾಟಿ ಬರುವತನಕ ಬೆರಳು ಅಲ್ಲೇ, ಪರದೆ ಮಂಕಾಗಲು ಹೋದರೆ ಇವಳು ಅಂಚಿಗೆ ಹೆಬ್ಬೆರಳು ತಾಗಿಸಿ ಬೆಳಗಿಸಿದಳು, ಬೆರಳು ಅಲ್ಲೇ, ಶಿವನಪ್ಪ ಕಣ್ಣು ಕಿರಿದು ಮಾಡಿ, ಕೋಡಿಗೆ ಕೆಂಪು ಬಣ್ಣ ಹಚ್ಚಿದ್ದರು, ಎಂದು ಓದಿ, ಯಾವನ್ಲೇ ನಿಮ್ಮ ಹೋರಿಗೆ ಬಣ್ಣ ಹಚ್ಚಿದಾವ, ಎಂದು ನಕ್ಕ, ಪರಶು ಮಗಳನ್ನು ನೋಡಿದ, ಫೋನು ನೋಡಿದ, ಮತ್ತೆ ಮಗಳನ್ನು, ನಾ ಹೇಳಿದ್ದ ಅಲ್ಲ, ಅಂದ ಮೆಲ್ಲಗೆ, ಬರದದ್ದ ಓದ್ಯಾಳ, ರಮಾಬಾಯಿ ಆಗಲೇ ಕೂತು ಗಂಟು ಬಿಚ್ಚುತ್ತಿದ್ದಳು, ಕವಿತಾಳ ಅಂಗಿಗಳನ್ನು ತೆಗೆದು ಅತ್ತೆಯ ಉಡಿಗೆ ಹಾಕಿದಳು, ಇಕಿ ತಮ್ಮನ್ನ ನಾನ ಬೆನ್ನಿಗೆ ಕಟಗೊಂಡ ದುಡಿತೀನಿ, ಇಕಿ ಇಲ್ಲೇ ಇರ್ಲಿ, ಗಂಡನನ್ನು ಕೇಳಲೂ ಇಲ್ಲ.

ಬಸ್ಸು ರಾಜೂರ ದಾಟಿತು, ಗಜೇಂದ್ರಗಡದ ನಿಲ್ದಾಣ ಬಂತು, ಗದ್ದಲ, ಸೀಟಿ, ಡೀಸೆಲ್ ವಾಸನೆ, ಗಂಟು ಹೆಗಲಿಗೇರಿಸಿದ ಪರಶು ಇಳಿಯುವ ಮುನ್ನ ತಿರುಗಿ ನಿಂತು, ಅಕ್ಕೋರ, ಆ ಬಣ್ಣದ ಮಾತ ಅಳಸಬ್ಯಾಡ್ರಿ, ಹಂಗ ಇರ್ಲಿ, ಅನ್ನುತ್ತಾನೆ, ಇಲ್ಲ ಬಿಡಪಾ, ಅಳಸೂದಿಲ್ಲ, ಅನ್ನುತ್ತಾಳೆ, ಮನೆಗೆ ಹೋಗಬೇಕು, ಮೇಘಾಳ ಜೊತೆ ಕೂತು ಬಿಸಿ ರೊಟ್ಟಿ ತಿನ್ನಬೇಕು, ಸಾಜೀದ ಸರ್‌ಗೆ ಫೋನ್ ಮಾಡಿ ಎಲ್ಲ ಹೇಳಬೇಕು, ನಾಳೆ ಇನ್ನೊಂದು ಮಗುವನ್ನು ವರಾಂಡಕ್ಕೆ ಕರೆಯಬೇಕು, ಯಾರನ್ನು ಮೊದಲು ಕರೆಯುವುದು, ಮಂಗಳೂರು ಬಸ್ಸಿಗೆ ಮೂವರೂ ಹತ್ತಿದರು, ಬಾಗಿಲು ಮುಚ್ಚಿತು, ಜನ ಹಾಯುತ್ತಾರೆ, ಯಾರದೋ ಬುಟ್ಟಿ ಮೊಣಕೈಗೆ ತಾಗುತ್ತದೆ, ಸಕ್ಕೂಬಾಯಿಯ ಹೆಜ್ಜೆ ಮಾತ್ರ ಮುಂದೆ ಹೋಗುವುದಿಲ್ಲ, ಕಣ್ಣ ಮುಂದೆ ಆ ಬೆರಳು, ಅಪ್ಪ ಇಲ್ಲ ಅಂದರೂ ಸರಿಯದ ಬೆರಳು, ಗಾಜಿಗೆ ತಾಗದೆ, ನಡುಗದೆ, ಎಳ್ಳಿನಷ್ಟು ಮೇಲೆ, ಕೆಳಗೆ ಬೆಳಗುವ ಸಾಲು, ಮೇಲೆ ಆ ಬೆರಳು, ಅಲ್ಲೇ, ಇಲ್ಲೇ ಐತಿ ಯಪ್ಪಾ, ಆ ಬೆರಳು —