ಇಪ್ಪತ್ತನೆಯ ಹೆಸರು

ಶರಣ್ಯಾ ಎಡಗೈಯಲ್ಲಿ ಬರೆಯುತ್ತಿದ್ದಳು. ಹಾಜರಿ ಕೂಗುತ್ತಿದ್ದ ಜಲಜಾ ಅದನ್ನು ಕಂಡು ನಿಲ್ಲಿಸಿದಳು. ಹುಡುಗಿಯ ಬಲಗೈಯ ಮೂರು ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿ ಊದಿದ್ದವು. ಒಂದರ ಉಗುರು ಅರ್ಧ ಕಿತ್ತು ಬಂದಿತ್ತು.

“ಏನಾಯ್ತಮ್ಮಾ?”

“ಕಾರ್ ಡೋರು ಮಿಸ್. ಐಯಾಮ್ ಫೈನ್.”

ಅಮೆರಿಕದ ಫ್ರೀಮಾಂಟಿನ ಆ ಹೈಸ್ಕೂಲಿನಲ್ಲಿ ಜಲಜಾ ಕಲಿಸುತ್ತಿದ್ದುದು ಕಾಲೇಜು ಮಟ್ಟದ ಸಂಖ್ಯಾಶಾಸ್ತ್ರ. ಪಾಸಾದವರಿಗೆ ಕಾಲೇಜಿನ ಕ್ರೆಡಿಟ್ ಇಲ್ಲೇ ಸಿಗುತ್ತಿತ್ತು. ಮುಂದೆ ಅದಕ್ಕೆ ಫೀಸು ಕಟ್ಟಬೇಕಿರಲಿಲ್ಲ. ಕೋರ್ಸು ಬಿಡುವ ಕೊನೆಯ ದಿನ ದಾಟಿಯೂ ಇಪ್ಪತ್ತು ಮಂದಿ ಉಳಿದರೆ ಕಲಿಸಿದವರಿಗೆ ಮೂರು ಸಾವಿರ ಡಾಲರ್ ಪ್ರೋತ್ಸಾಹಧನ. ಈಗ ಇದ್ದವರು ಸರಿಯಾಗಿ ಇಪ್ಪತ್ತು. ಕೊನೆಯ ದಿನ ಇವತ್ತೇ.

ಕಳೆದ ವಾರ ಶರಣ್ಯಾ, ತನ್ನಿಂದ ಆಗುತ್ತಿಲ್ಲ, ಕೋರ್ಸು ಬಿಡುತ್ತೇನೆ ಎಂದಿದ್ದಳು. ಬೇರೆ ಮಕ್ಕಳಾಗಿದ್ದರೆ ಜಲಜಾ ಮನೆಗೊಂದು ಈಮೇಲ್ ಕಳಿಸಿ ಸುಮ್ಮನಾಗುತ್ತಿದ್ದಳು. ಇವರೂ ತನ್ನಂತೆ ಮೈಸೂರಿನವರೆಂಬ ಸಲುಗೆಯಿಂದ ತಂದೆ ಅಚ್ಯುತನಿಗೆ ಫೋನನ್ನೇ ಮಾಡಿದ್ದಳು. “ಬಿಡೋಕೆ ಬಿಡಬೇಡಿ ಸರ್. ಸ್ವಲ್ಪ ಗಟ್ಟಿಯಾಗಿ ಹೇಳಿ.”

ಮಧ್ಯಾಹ್ನ ಅಚ್ಯುತ ತಾನೇ ಬಂದ. ಕೈಯಲ್ಲಿ ಸ್ವೀಟಿನ ಡಬ್ಬಿಯಿತ್ತು.

“ಥ್ಯಾಂಕ್ಸ್ ಮೇಡಂ. ನೀವು ಹೇಳಿದ ಹಾಗೆ ಗಟ್ಟಿಯಾಗೇ ಹೇಳಿದೆ. ಲ್ಯಾಪ್‌ಟಾಪಲ್ಲಿ ನಿನ್ನೆ ರಾತ್ರಿ ಕೋರ್ಸು ಬಿಡೋ ಡ್ರಾಪ್ ಫಾರಮ್ಮು ತುಂಬಿಸ್ತಾ ಕೂತಿದ್ಲು. ಮುಚ್ಚಳ ಬಡಿದು ಅದುಮಿ ಹಿಡಿದೆ. ಬಿಡಲ್ಲ ಅಪ್ಪಾ ಅನ್ನೋವರೆಗೂ ಎತ್ತಲಿಲ್ಲ.”

“ಬೆರಳು ಒಳಗಿತ್ತಲ್ಲ ಸರ್.”

“ಅದಕ್ಕೇ ತಾನೇ ಅದುಮಿದ್ದು.” ಅಚ್ಯುತ ನಕ್ಕ. “ನಮ್ಮಪ್ಪ ಬೆಲ್ಟು ಬಿಚ್ಚೋರು. ರಕ್ತ ಬಂದ್ರೂ ನಿಲ್ಲಿಸ್ತಿರ್ಲಿಲ್ಲ. ಅದಕ್ಕೇ ಇಲ್ಲೀವರೆಗೂ ಬಂದೆ. ಇಲ್ಲಿ ಒಂದೊಂದು ಕ್ರೆಡಿಟ್ಟಿಗೆ ಎಷ್ಟು ಸುರೀಬೇಕು, ನಿಮಗೆ ಗೊತ್ತಿಲ್ವಾ? ನಾಳೆ ಅವಳೇ ನಿಮ್ಮನ್ನ ನೆನೆಸ್ಕೋತಾಳೆ.” ಆಮೇಲೆ ದನಿ ತಗ್ಗಿಸಿದ. “ನಮ್ಮೋರು ಅಂತ ನಿಮ್ಮ ಹತ್ರ ಹೇಳಿದೆ. ಈ ಅಮೆರಿಕದೋರಿಗೆ ಇದೆಲ್ಲ ಅರ್ಥ ಆಗಲ್ಲ.”

ಜಲಜಾ ಡಬ್ಬಿಯನ್ನು ಮೇಜಿನ ಅಂಚಿಗೆ ಸರಿಸಿದಳು. ಅವನು ಹೋದ ಮೇಲೆ ಶರಣ್ಯಾಳನ್ನು ಕರೆಸಿದಳು.

“ಕಾರ್ ಡೋರ್ ಅಲ್ಲ ಅಲ್ವಾ?”

ಹುಡುಗಿ ಡಬ್ಬಿಯನ್ನು ನೋಡಿ ಹಿಂದೆ ಸರಿದಳು. “ಅದುಮೋವಾಗೆಲ್ಲ ಅಪ್ಪ ಹೇಳ್ತಾನೇ ಇದ್ರು, ಯುವರ್ ಟೀಚರ್ ಆಲ್ಸೋ ಸೆಡ್ ಸೋ ಅಂತ. ಪ್ಲೀಸ್ ಮಿಸ್, ಮತ್ತೆ ಮನೆಗೆ ಫೋನ್ ಮಾಡಬೇಡಿ.”

“ಮನೆಗಲ್ಲ ಪುಟ್ಟಾ.”

ಅವಳನ್ನು ಶಾಲೆಯ ನರ್ಸಿನ ಬಳಿ ಕೂರಿಸಿ ಬಂದು, ಕಂಪ್ಯೂಟರಿನಲ್ಲಿ ಕೋರ್ಸಿನ ಪಟ್ಟಿಯಿಂದ ಇಪ್ಪತ್ತನೆಯ ಹೆಸರಾದ ಶರಣ್ಯಾಳದನ್ನು ತೆಗೆದಳು. ಪಟ್ಟಿಯಲ್ಲಿ ಹತ್ತೊಂಬತ್ತು ಉಳಿದವು. ಹೊಡೆತದ ಗುರುತು ಕಂಡ ಶಿಕ್ಷಕರು ದೂರು ಕೊಡಲೇಬೇಕೆಂದು ವರ್ಷವರ್ಷವೂ ತರಬೇತಿಯಲ್ಲಿ ಕೇಳಿದ್ದಳು. ಮಕ್ಕಳ ರಕ್ಷಣಾ ಕಚೇರಿಗೆ ಫೋನು ಮಾಡಿದಳು. ಹೆಸರು, ವಿಳಾಸ, ಬೆರಳುಗಳ ಸ್ಥಿತಿ, ಎಲ್ಲವನ್ನೂ ಹೇಳಿದಳು.

“ಇವತ್ತು ಆಕೆ ಮನೆಗೆ ಹೋಗುವುದು ಕ್ಷೇಮವೇ?” ಅತ್ತಲಿನ ಹೆಂಗಸು ಕೇಳಿದಳು.

“ಇಲ್ಲ.”

“ತಂದೆ ಹೀಗೆ ಮಾಡಿದ್ದಕ್ಕೆ ಕಾರಣ ಗೊತ್ತೇ?”

ಜಲಜಾ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ನಾನು ಅವರ ಮನೆಗೆ ಮಾಡಿದ ಫೋನು,” ಎಂದಳು. “ಅದನ್ನೂ ಬರೆದುಕೊಳ್ಳಿ.”