ಬೇಕರಿಯವನ ರಕ್ತ ಮಂದವಾದದ್ದು ಏಕೆ?

“ಕೆಂಪು ಕಣ ಜಾಸ್ತಿಯಾಗಿದೆ ಅಮ್ಮ,” ಎಂದರು ಆಸ್ಪತ್ರೆಯ ಸಿಸ್ಟರ್.

ಅಮ್ಮನ ಮುಖ ಅರಳಿತು. “ಜಾಸ್ತಿಯಾಯ್ತಾ? ಸದ್ಯ! ಇಷ್ಟು ವರ್ಷ ಕಬ್ಬಿಣದ ಟಾನಿಕ್ ಕುಡಿಸಿದ್ದು ಸಾರ್ಥಕ ಆಯ್ತು ಬಿಡಿ.”

ಪಕ್ಕದಲ್ಲಿದ್ದ ಮಗ ತಲೆ ತಗ್ಗಿಸಿದ. ಅವನು ಬೇಕರಿಯಲ್ಲಿ ಬ್ರೆಡ್ ಬೇಯಿಸುವವನು. ಅಲ್ಲಿ ಎಲ್ಲರಿಗೂ ‘ಬನ್ನಣ್ಣ’. ಹುಟ್ಟಿದಾಗ ಹೆಣ್ಣುಮಗು ಎಂದು ಬರೆಸಿದ್ದರು. ತಾನು ಗಂಡು ಎಂಬುದು ಅವನಿಗೆ ಬುದ್ಧಿ ಬಂದಾಗಿನಿಂದ ಗೊತ್ತಿತ್ತು. ಅಮ್ಮ ಒಪ್ಪುವಷ್ಟರಲ್ಲಿ ಮನೆಯಲ್ಲಿ ಅತ್ತಿದ್ದೂ ಆಗಿತ್ತು, ಮಾತು ಬಿಟ್ಟಿದ್ದೂ ಆಗಿತ್ತು. ಈಗ ಡಾಕ್ಟರು ಹೇಳಿದಂತೆ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನಿನ ಸೂಜಿ ತೆಗೆದುಕೊಳ್ಳುತ್ತಾನೆ.

“ಖುಷಿಪಡೋ ವಿಷಯ ಅಲ್ಲಮ್ಮ. ರಕ್ತ ಮಂದವಾದ್ರೆ ನಾಳದೊಳಗೇ ಹೆಪ್ಪುಗಟ್ಟಬಹುದು. ಮುಂದಿನ ಪರೀಕ್ಷೇಲಿ ಇಳೀದಿದ್ರೆ ಸೂಜಿ ಕಮ್ಮಿ ಮಾಡ್ಬೇಕಾಗುತ್ತೆ, ಇಲ್ಲಾಂದ್ರೆ ಸ್ವಲ್ಪ ದಿನ ನಿಲ್ಲಿಸ್ಬೇಕಾಗುತ್ತೆ ಅಂದಿದ್ದಾರೆ ಡಾಕ್ಟ್ರು,” ಎಂದರು ಸಿಸ್ಟರ್.

ಬನ್ನಣ್ಣ ತಟ್ಟನೆ ತಲೆಯೆತ್ತಿದ. “ನಿಲ್ಲಿಸಿದ್ರೆ ಮತ್ತೆ ಮುಟ್ಟು ಶುರುವಾಗಬಹುದು ಸಿಸ್ಟರ್. ಅದೊಂದು ನನ್ನಿಂದ ಆಗಲ್ಲ.”

“ರಕ್ತ ಹೆಚ್ಚಾದ್ರೆ ಕೆಟ್ಟದ್ದಂತೆ! ಎಲ್ಲಾದ್ರೂ ಉಂಟಾ?” ಎಂದರು ಅಮ್ಮ.

“ನಿಮ್ಮ ಬೆರಳು ಕೊಡಿ ಇಲ್ಲಿ.”

“ನಂದ್ಯಾಕೆ? ನಂಗೇನು ಧಾಡಿ?”

“ಧಾಡಿ ಇಲ್ಲ, ಅನುಮಾನ ಇದೆಯಲ್ಲ!”

ಸಿಸ್ಟರ್ ಇಬ್ಬರ ರಕ್ತವನ್ನೂ ಕಡ್ಡಿಯಷ್ಟು ಸಣ್ಣ ಗಾಜಿನ ಕೊಳವೆಗಳಲ್ಲಿ ತುಂಬಿ ಯಂತ್ರದಲ್ಲಿಟ್ಟು ಗಿರಗಿರನೆ ತಿರುಗಿಸಿದರು. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದರು. ಕೆಳಗೆ ಕೆಂಪು, ಮೇಲೆ ತೆಳು ಹಳದಿಯ ತಿಳಿನೀರು. ಅಮ್ಮನ ಕೊಳವೆಯಲ್ಲಿ ತಿಳಿ ಅರ್ಧಕ್ಕಿಂತ ಹೆಚ್ಚಿತ್ತು. ಮಗನದರಲ್ಲಿ ಕೆಂಪು ಅರ್ಧ ದಾಟಿ ಮೇಲೇರಿತ್ತು.

ಅಮ್ಮ ಉಸಿರು ಬಿಗಿಹಿಡಿದು ನೋಡಿದರು. ಬೆಳಕು ಆ ಹಳದಿಯನ್ನು ದಾಟಿ ಅವರ ಅಂಗೈ ಮೇಲೆ ಬಿದ್ದಿತ್ತು. “ಇಷ್ಟು ಚೆಂದದ್ದು ನಮ್ಮೊಳಗೆ ಹರೀತಾ ಇರುತ್ತಾ?”

“ಹಗಲೂ ರಾತ್ರಿ. ಕೆಂಪು ಕಣ ಹುಟ್ಟೋದು ಮೂಳೆಯೊಳಗೆ. ಹಾರ್ಮೋನ್ ಅಲ್ಲಿಗೆ ಹೋಗಿ ‘ಇನ್ನಷ್ಟು ಮಾಡು’ ಅನ್ನುತ್ತೆ. ಮೊದ್ಲು ತಿಂಗಳು ತಿಂಗಳೂ ರಕ್ತ ಹೋಗ್ತಿತ್ತು, ಟಾನಿಕ್ ಬೇಕಿತ್ತು. ಈಗ ಹೋಗಲ್ಲ. ಕಬ್ಬಿಣಾಂಶಾನೂ ಕಮ್ಮಿ ಇಲ್ಲ ಅಂತ ಪರೀಕ್ಷೆ ಹೇಳ್ತಿದೆ. ಆದ್ರೂ ನೀವು ಟಾನಿಕ್ ಸುರೀತಾನೇ ಇದ್ದೀರ!”

“ಮೂಳೆಯೊಳಗೆ ರಕ್ತ ಹುಟ್ಟುತ್ತಾ!” ಅಮ್ಮ ತಮ್ಮ ಮೊಣಕೈಯನ್ನು ಮೆಲ್ಲಗೆ ಮುಟ್ಟಿಕೊಂಡರು, ಒಳಗೆ ಯಾರೋ ಕೆಲಸ ಮಾಡುತ್ತಿದ್ದಾರೇನೋ ಎಂಬಂತೆ.

“ಸೂಜಿ ಕಮ್ಮಿ ಮಾಡಿದ್ರೆ ಏನಂತೆ, ಜಿಮ್ಮಿನವನ ಹತ್ರ ಮೈ ಬೆಳೆಸೋ ಪುಡಿ ಇದೆ. ಅದನ್ನ ತಗೋತೀನಿ,” ಎಂದ ಬನ್ನಣ್ಣ.

“ಅದರಲ್ಲಿ ಏನು ಬೆರೆಸಿದ್ದಾರೋ ಯಾರು ಬಲ್ಲರು? ಗಂಡು ಹಾರ್ಮೋನ್ ಅತಿಯಾದ್ರೆ ಮೈ ಅದರಲ್ಲಿ ಸ್ವಲ್ಪಾನ ಹೆಣ್ಣು ಹಾರ್ಮೋನ್ ಮಾಡ್ಕೊಳ್ಳುತ್ತೆ, ಗೊತ್ತಾ?”

“ಅಬ್ಬಬ್ಬಾ!” ಎಂದರು ಅಮ್ಮ. “ಒಳಗೊಂದು ಕಾರ್ಖಾನೆನೇ ಇದೆಯಲ್ಲೋ!”

“ಸಿಗರೇಟು?” ಸಿಸ್ಟರ್ ಕೇಳಿದರು.

ಬನ್ನಣ್ಣ ಅಮ್ಮನ ಕಡೆ ನೋಡಲಿಲ್ಲ. “ಆಗೊಂದು ಈಗೊಂದು.”

“ಅದೂ ರಕ್ತಾನ ಮಂದ ಮಾಡುತ್ತಪ್ಪ. ಬಿಡು. ನೀರು ಕಮ್ಮಿಯಾದ್ರೂ ಹಾಗೇ ಆಗುತ್ತೆ. ಎಷ್ಟು ಕುಡೀತೀಯ?”

“ಕೆಲಸದಲ್ಲಿ... ಕುಡಿಯಲ್ಲ.”

“ಆ ಬೆಂಕಿ ಮುಂದೆ ನಿಂತು ನೀರು ಕುಡಿಯಲ್ವಾ!” ಅಮ್ಮ ಗದರಿದರು.

“ಕುಡಿದ್ರೆ ಹೋಗ್ಬೇಕಲ್ಲಮ್ಮ. ಅಲ್ಲಿನ ಕಕ್ಕಸಿಗೆ ಚಿಲಕ ಇಲ್ಲ.”

ಅಮ್ಮ ಆಸ್ಪತ್ರೆಯಿಂದ ನೇರ ಬೇಕರಿಗೇ ನಡೆದರು. ಮಗನ ಗುಟ್ಟು ಮಗನದು, ಅದನ್ನು ಆಡಲಿಲ್ಲ. “ಯಜಮಾನ್ರೇ, ಕಕ್ಕಸಿಗೆ ಚಿಲಕ ಹಾಕಿಸಿ,” ಎಂದರು ಅಷ್ಟೇ.

“ಎಲ್ಲಾ ಗಂಡಸ್ರೇ ಅಲ್ವೇನಮ್ಮಾ? ಚಿಲಕ ಯಾತಕ್ಕೆ?”

“ಯಾಕೆ, ಗಂಡಸ್ರಿಗೆ ಮಾನ ಇಲ್ವಾ?”

ಒಳಗಿದ್ದವರೆಲ್ಲ ಗೊಳ್ಳೆಂದು ನಕ್ಕರು. ಯಜಮಾನರೂ ನಕ್ಕು, ಮರುದಿನವೇ ಬಡಗಿಯನ್ನು ಕರೆಸಿದರು.

ಚಿಲಕ ಬಿದ್ದ ಮೇಲೆ ಬನ್ನಣ್ಣ ಕೆಲಸದಲ್ಲೂ ನೀರು ಕುಡಿಯತೊಡಗಿದ. ಟಾನಿಕ್ ಬಾಟಲಿ ಕಸಕ್ಕೆ ಹೋಯಿತು. ತಟ್ಟೆಗೆ ಸೊಪ್ಪು, ಕಾಳು, ಮೊಸರು ಬಂದವು. ಹಾರ್ಮೋನಿನ ಕೆಲಸವನ್ನು ಯಾವ ಊಟವೂ ಮಾಡದು. ಆದರೆ ಆ ಕೆಲಸವನ್ನು ತಾಳುವ ಮೂಳೆ, ಹೃದಯಗಳಿಗೆ ಊಟ ಬೇಕೇ ಬೇಕು. ಹಿಟ್ಟಿನ ಮೂಟೆ ಹೊರುವುದು ಮೂಳೆಗೆ ಒಳ್ಳೆಯದೇ ಎಂದು ಸಿಸ್ಟರ್ ಹೇಳಿದ ಮೇಲೆ ಬನ್ನಣ್ಣ ಗೊಣಗುವುದನ್ನು ಬಿಟ್ಟ. ಸಿಗರೇಟು ಸುಲಭಕ್ಕೆ ಬಿಡಲಿಲ್ಲ. ಬಿಟ್ಟ, ಮತ್ತೆ ಹಿಡಿದ, ಮತ್ತೆ ಬಿಟ್ಟ.

ಮುಂದಿನ ಪರೀಕ್ಷೆಯ ದಿನ ಸಿಸ್ಟರ್ ಕೊಳವೆಯನ್ನು ಅಮ್ಮನ ಕೈಗೇ ಕೊಟ್ಟರು. ಕೆಂಪು ಇಳಿದಿತ್ತು. ಅಮ್ಮನ ಕಣ್ಣು ತುಂಬಿತು.

ಇದನ್ನು ಓದುತ್ತಿರುವ ಬನ್ನಣ್ಣನಂಥ ಅಣ್ಣಂದಿರೇ, ಅವರ ಅಮ್ಮ ಅಪ್ಪಂದಿರೇ, ಸೂಜಿ ಶುರುವಾದ ಮೇಲೆ ರಕ್ತಪರೀಕ್ಷೆ ತಪ್ಪಿಸಬೇಡಿ. ಡಾಕ್ಟರನ್ನು ಕೇಳದೆ ಟಾನಿಕ್ಕೂ ಬೇಡ, ಪುಡಿಯೂ ಬೇಡ, ಹೆಚ್ಚಿನ ಸೂಜಿಯೂ ಬೇಡ. ನೀರು ಕುಡಿಯಿರಿ, ಹೊಗೆ ಬಿಡಿ, ಕಣ್ತುಂಬ ನಿದ್ದೆ ಮಾಡಿ. ನಿದ್ದೆಯಲ್ಲಿ ಉಸಿರು ಕಟ್ಟಿದರೂ ಕೆಂಪು ಕಣ ಹೆಚ್ಚಬಹುದು, ಗೊರಕೆ ಜೋರಾಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ನಿಮ್ಮ ಕೆಲಸದ ಜಾಗದಲ್ಲಿ ಯಾರಾದರೂ ನೀರು ಕುಡಿಯಲು ಹೆದರುತ್ತಿದ್ದರೆ, ಬಾಗಿಲಿಗೊಂದು ಚಿಲಕ ಹಾಕಿಸಿ.

“ಸೂಜಿ ನಿಲ್ಲಿಸ್ಬೇಕಾ ಸಿಸ್ಟರ್?” ಅಮ್ಮನ ಕೈಲಿದ್ದ ಕೊಳವೆ ನೋಡಿ ಬನ್ನಣ್ಣ ಕೇಳಿದ.

“ಯಾಕೆ ನಿಲ್ಲಿಸ್ಬೇಕು? ಹೀಗೇ ಮುಂದುವರಿಸಿ ಅಂದ್ರು ಡಾಕ್ಟ್ರು. ಅಂಗಿ ತೋಳು ಮಡಚು.”

ಅವನು ತೋಳು ಮಡಚಿದ. ಸೂಜಿ ಚುಚ್ಚುವಾಗ ಸದಾ ಗೋಡೆ ಕಡೆ ತಿರುಗುತ್ತಿದ್ದ ಅಮ್ಮ, ಅಂದು ಕಣ್ಣು ಮಿಟುಕಿಸದೆ ನೋಡಿದರು.